ಎಂಟಿಐ: ತಾಯ್ನುಡಿ ಯಾವಾಗ ದೋಷ ಆಯ್ತು?

ಚಾನೆಲ್‌ನಲ್ಲಿ ಹೋದ ವಾರ ಹಾಕಿದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಅವಸರದಲ್ಲಿ ದಾಟಿಸಿದ ಒಂದೆರಡು ಜಾಗಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಓದೋರಿಗೆ ಅನುಕೂಲ ಆಗ್ಲಿ ಅಂತ ನನ್ನ ‘ಬೇಸಿಕಲಿ’, ‘ಆಕ್ಚುವಲಿ’ಗಳನ್ನ ಆದಷ್ಟು ಕಿತ್ತು ಹಾಕಿದ್ದೀನಿ.

ಬಿಪಿಒದಲ್ಲಿ ಒಂದು ವರ್ಷವಾದ್ರೂ ಕೆಲಸ ಮಾಡಿದವರಿಗೆ ಎಂಟಿಐ ಅನ್ನೋ ಮೂರಕ್ಷರ ಗೊತ್ತಿರುತ್ತೆ. ಮದರ್ ಟಂಗ್ ಇನ್‌ಫ್ಲುಯೆನ್ಸ್. ಅಂದ್ರೆ ತಾಯ್ನುಡಿಯ ಪ್ರಭಾವ. ಕೇಳೋಕೆ ಒಳ್ಳೆ ಮಾತಿನ ಹಾಗೇ ಇದೆ, ಯಾರೋ ಸಾಹಿತಿಯ ಸನ್ಮಾನಪತ್ರದಲ್ಲಿ ಬರಬಹುದಾದ ಮಾತು. ಆದ್ರೆ ಸ್ಕೋರ್‌ಶೀಟ್‌ನಲ್ಲಿ ಅದು ಕಾಯಿಲೆಯ ಹೆಸರು. ‘ಹೈ ಎಂಟಿಐ’ ಅಂತ ಬರೆದ್ರೆ ಆ ಹುಡುಗ ವಾಯ್ಸ್ ಪ್ರೋಸೆಸ್‌ಗೆ ಆಗಲ್ಲ, ಬ್ಯಾಕ್ ಆಫೀಸ್‌ಗೆ ಹೋಗ್ಲಿ ಅಂತ ಅರ್ಥ. ಸಂಬಳದಲ್ಲೂ ಆ ವ್ಯತ್ಯಾಸ ಕಾಣುತ್ತೆ.

ಹಡಪಸರದಲ್ಲಿ ನಮ್ಮ ಪಕ್ಕದ ವಿಂಗ್‌ನಲ್ಲಿ ಧಾರವಾಡದ ಅಕ್ಕ ಒಬ್ಬರು ಇದ್ದಾರೆ. ಹತ್ತು ವರ್ಷ ಬಿಪಿಒಗಳಲ್ಲಿ ‘ವಾಯ್ಸ್ ಆಂಡ್ ಆಕ್ಸೆಂಟ್’ ಟ್ರೇನರ್ ಆಗಿದ್ದವರು. ಈಗ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಆಕ್ಸೆಂಟ್ ಕೋಚ್. ಕಂಪನಿ ಇಲ್ಲ, ಬಾಸ್ ಇಲ್ಲ. ಒಂದು ಹೆಡ್‌ಸೆಟ್, ಒಂದು ರಿಂಗ್ ಲೈಟ್, ಗಂಟೆ ಲೆಕ್ಕದಲ್ಲಿ ದುಡ್ಡು. ಮೊದಲು ಅವರ ಹತ್ರ ಬರ್ತಿದ್ದವರು ಕಾಲ್ ಸೆಂಟರ್ ಹುಡುಗರು. ಈಗ ಬರೋರು ನಾವು: ಸ್ಟ್ಯಾಂಡಪ್ ಕಾಲ್‌ನಲ್ಲಿ ‘ಸಾರಿ, ಕಮ್ ಅಗೇನ್?’ ಅಂತ ಮೂರು ಸಲ ಕೇಳಿಸಿಕೊಂಡವರು, ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಶನ್ ಇಂಪ್ರೂವ್ ಮಾಡ್ಕೊಳ್ಳಿ’ ಅನ್ನಿಸಿಕೊಂಡವರು. ಮೊದಲ ಕ್ಲಾಸ್‌ನಲ್ಲಿ ಅಕ್ಕ ಎಲ್ಲರಿಗೂ ಕೇಳೋ ಪ್ರಶ್ನೆ ಒಂದೇ: “ಯಾವ ಆಕ್ಸೆಂಟ್ ಬೇಕ್ರೀ ನಿಮಗ? ನಿಮ್ಮ ಕ್ಲೈಂಟ್ ಎಲ್ಲಿಯಂವ ಅದಾನ, ಅದನ್ನ ಮೊದಲ ಹೇಳ್ರಿ.”

ನಗು ಬರುತ್ತೆ. ಆದ್ರೆ ಈ ಕಸುಬಿನ ಇಡೀ ಇತಿಹಾಸ ಆ ಪ್ರಶ್ನೆಯಲ್ಲೇ ಇದೆ. ‘ಸರಿಯಾದ’ ಉಚ್ಚಾರ ಯಾವುದು ಅಂತ ತೀರ್ಮಾನ ಮಾಡಿದವರು ಯಾರು, ಯಾವಾಗ, ಯಾರ ದುಡ್ಡಲ್ಲಿ?

ಬಹಳ ಹಿಂದಕ್ಕೆ ಹೋದ್ರೆ ನಮ್ಮಲ್ಲೇ ಸಿಗುತ್ತೆ. ಆರು ವೇದಾಂಗಗಳಲ್ಲಿ ಒಂದರ ಹೆಸರು ‘ಶಿಕ್ಷಾ’. ಅದು ಉಚ್ಚಾರದ ಶಾಸ್ತ್ರ. (ಕನ್ನಡದಲ್ಲಿ ಅದೇ ಪದ ‘ಶಿಕ್ಷೆ’ ಆಗಿ ದಂಡನೆ ಅನ್ನೋ ಅರ್ಥಕ್ಕೆ ಬಂದು ನಿಂತಿದೆ. ಆಕ್ಸೆಂಟ್ ಕ್ಲಾಸ್‌ಗೆ ಹೋದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲ್ಲ.) ಆ ಶಾಸ್ತ್ರದವರು ಹೇಳ್ತಿದ್ದ ಕತೆ ಇದು: ತ್ವಷ್ಟೃ ತನ್ನ ಮಗನನ್ನ ಕೊಂದ ಇಂದ್ರನ ಮೇಲೆ ಸೇಡು ತೀರಿಸೋಕೆ ಯಾಗ ಮಾಡ್ತಾನೆ. ‘ಇಂದ್ರಶತ್ರು’ ಅನ್ನೋ ಪದದಲ್ಲಿ ಸ್ವರ ಕೊನೆಗೆ ಬರಬೇಕಿತ್ತು, ಆಗ ‘ಇಂದ್ರನನ್ನ ಕೊಲ್ಲುವವನು’ ಅಂತ ಅರ್ಥ. ಸ್ವರ ಮೊದಲಿಗೆ ಬಿತ್ತು. ‘ಇಂದ್ರನಿಂದ ಸಾಯುವವನು’ ಅಂತಾಯ್ತು. ವೃತ್ರ ಹುಟ್ಟಿದ, ಇಂದ್ರನ ಕೈಯಲ್ಲೇ ಸತ್ತ. ಒಂದು ಸ್ಟ್ರೆಸ್ ತಪ್ಪಿ ಪ್ರೊಡಕ್ಷನ್‌ನಲ್ಲಿ ಎಲ್ಲಾ ಕೆಟ್ಟು ಹೋದ ಮೊದಲ ಉದಾಹರಣೆ.

ಕನ್ನಡಕ್ಕೆ ಬಂದ್ರೆ ಚಿತ್ರ ಬೇರೆ. 9ನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ನಾಲ್ಕು ಊರು ಗುರುತಿಸುತ್ತೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ನಾಲ್ಕೂ ಉತ್ತರ ಕರ್ನಾಟಕ! ಮೈಸೂರು, ಬೆಂಗಳೂರು ಲಿಸ್ಟ್‌ನಲ್ಲೇ ಇಲ್ಲ. ನಾನು ತುಮಕೂರಿನವನು, ಈ ವಿಷಯ ತೆಗೆದಾಗಲೆಲ್ಲ ಅಕ್ಕ ಸುಮ್ನೆ ನಗ್ತಾರೆ. ಕನ್ನಡನಾಡು ಕಾವೇರಿಯಿಂದ ಗೋದಾವರಿವರೆಗೆ ಅಂತಲೂ ಆ ಪುಸ್ತಕದಲ್ಲಿದೆ. ಆ ಲೆಕ್ಕದಲ್ಲಿ ಹಡಪಸರವೂ ಒಳಗೇ ಬರುತ್ತೆ, ಆದ್ರೆ ಇದನ್ನ ನಮ್ಮ ಸೊಸೈಟಿ ಮೀಟಿಂಗ್‌ನಲ್ಲಿ ಹೇಳಬೇಡಿ. ನನಗೆ ಮುಖ್ಯ ಅನ್ನಿಸೋದು ಇನ್ನೊಂದು. ಒಂದು ಕಡೆಯ ಮಾತನ್ನ ತಿರುಳು ಅಂತ ಕರೆದ ಅದೇ ಗ್ರಂಥ, ಕನ್ನಡದ ಬಗೆಗಳು ಎಷ್ಟಿವೆ ಅಂದ್ರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬರುತ್ತೆ ಅಂತ ಒಪ್ಪಿಕೊಳ್ಳುತ್ತೆ.

ಮುಂದೆ 13ನೇ ಶತಮಾನದಲ್ಲಿ ಕೇಶಿರಾಜ. ಅವನ ಶಬ್ದಮಣಿದರ್ಪಣದಲ್ಲಿ ‘ೞ’ ಅಕ್ಷರ ಬರೋ ಪದಗಳ ಪಟ್ಟಿ ಇದೆ. ಪಟ್ಟಿ ಯಾಕೆ ಬೇಕಾಯ್ತು? ಜನ ಅದನ್ನ ‘ಳ’ ಜೊತೆ ಕಲಸಿ ಹಾಕ್ತಿದ್ರು. ನನ್ನ ದೃಷ್ಟಿಯಲ್ಲಿ ಕನ್ನಡದ ಮೊದಲ ಆಕ್ಸೆಂಟ್ ಕೋಚ್ ಅವನೇ. ಪಟ್ಟಿ ಉಳಿಯಿತು, ಅಕ್ಷರ ಹೋಯ್ತು.

ಇಲ್ಲೇ ಒಂದು ಸೂಕ್ಷ್ಮ ಇದೆ. ಹಳಗನ್ನಡದಲ್ಲಿ ವ್ಯಂಜನದಲ್ಲಿ ಮುಗಿಯೋ ಪದಗಳು ತುಂಬಾ ಇದ್ವು: ಕಣ್, ನೀರ್, ಪಾಲ್. ಕ್ರಮೇಣ ಎಲ್ಲದರ ಕೊನೆಗೂ ಒಂದು ಸ್ವರ ಸೇರಿಕೊಂಡು ಕಣ್ಣು, ನೀರು, ಹಾಲು ಆದವು. ಅದೇ ನಿಯಮ ಇವತ್ತಿಗೂ ನಮ್ಮ ಬಾಯಲ್ಲಿ ಕೆಲಸ ಮಾಡ್ತಿದೆ: ಬಸ್ಸು, ಕಾರು, ಫೈಲು, ಸರ್ವರ್ರು. ಇನ್ನೊಂದು, ಪದದ ಮೊದಲಲ್ಲಿ ‘ಎ’ ಬಂದ್ರೆ ಹಿಂದೆ ಸಣ್ಣ ಯಕಾರ, ‘ಒ’ ಬಂದ್ರೆ ಸಣ್ಣ ವಕಾರ. ‘ಎಲ್ಲ’ ನಮ್ಮ ಬಾಯಲ್ಲಿ ‘ಯೆಲ್ಲ’, ‘ಒಂದು’ ಅನ್ನೋದು ‘ವೊಂದು’. ಹಾಗಾಗಿ ‘ಎವ್ರಿ’ ‘ಯೆವ್ರಿ’ ಆಗುತ್ತೆ, ‘ಓನ್ಲಿ’ ‘ವೋನ್ಲಿ’ ಆಗುತ್ತೆ. ಸ್ಕೋರ್‌ಶೀಟ್‌ನಲ್ಲಿ ಕೆಂಪು ಗೆರೆ ಬೀಳೋದು ಇವಕ್ಕೇ. ಟ್ರೇನರ್ ಇದನ್ನ ಸೋಮಾರಿ ನಾಲಿಗೆ ಅಂತಾನೆ. ಇದರಲ್ಲಿ ಸೋಮಾರಿತನ ಏನೂ ಇಲ್ಲ. ನೂರಾರು ವರ್ಷ ಹಳೆಯ ಕಾನೂನನ್ನ ನಾಲಿಗೆ ಚಾಚೂ ತಪ್ಪದೆ ಪಾಲಿಸ್ತಿದೆ, ಅಷ್ಟೇ.

ಈಗ ಇಂಗ್ಲೆಂಡ್, ಬೇಗ ಮುಗಿಸ್ತೀನಿ. 1917ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೇನಿಯಲ್ ಜೋನ್ಸ್ ಇಂಗ್ಲಿಷ್ ಉಚ್ಚಾರದ ನಿಘಂಟು ಹೊರತಂದ. ತಾನು ದಾಖಲಿಸಿದ ಉಚ್ಚಾರಕ್ಕೆ ಆಗ ಅವನು ಇಟ್ಟ ಹೆಸರು ‘ಪಬ್ಲಿಕ್ ಸ್ಕೂಲ್ ಪ್ರೊನನ್ಸಿಯೇಶನ್’, ಅಂದ್ರೆ ಶ್ರೀಮಂತರ ವಸತಿ ಶಾಲೆಗಳ ಮಾತು. 1926ರ ಆವೃತ್ತಿಯಲ್ಲಿ ಅದೇ ಉಚ್ಚಾರಕ್ಕೆ ‘ರಿಸೀವ್ಡ್ ಪ್ರೊನನ್ಸಿಯೇಶನ್’ ಅಂತ ಹೆಸರಾಯ್ತು. ಮೊದಲ ಹೆಸರಲ್ಲಿ ಯಾರ ಮಾತು ಅಂತ ಗೊತ್ತಾಗ್ತಿತ್ತು. ಎರಡನೇ ಹೆಸರಲ್ಲಿ ಮಾಲೀಕ ಮಾಯ. ಅದೇ ವರ್ಷ ಬಿಬಿಸಿ ತನ್ನ ಉಚ್ಚಾರ ಸಲಹಾ ಸಮಿತಿ ಮಾಡ್ತು. ಜೋನ್ಸ್ ಅದರಲ್ಲಿದ್ದ, ಬರ್ನಾರ್ಡ್ ಶಾ ಕೂಡ ಇದ್ದ. ಹೂ ಮಾರೋ ಹುಡುಗಿಯ ಉಚ್ಚಾರ ತಿದ್ದಿ ದೊಡ್ಡವರ ಮನೆ ಹೆಣ್ಣು ಮಾಡೋ ಪ್ರೊಫೆಸರನ ನಾಟಕ, 1913ರ ‘ಪಿಗ್ಮೇಲಿಯನ್’, ಬರೆದವನು ಇದೇ ಶಾ.

ಆ ನಾಟಕ ಪುಣೆಯವರಿಗೆ ಹೊಸದಲ್ಲ. ಪು.ಲ. ದೇಶಪಾಂಡೆ ಅದನ್ನ 1975ರಲ್ಲಿ ಮರಾಠಿಗೆ ‘ತೀ ಫುಲರಾಣಿ’ ಅಂತ ತಂದ್ರು. ಭಕ್ತಿ ಬರ್ವೆ ಮಂಜುಳೆಯ ಪಾತ್ರ ಮಾಡಿ ಹೆಸರಾದ್ರು. ಇಂಗ್ಲಿಷಿನ ಜಾಗದಲ್ಲಿ ಅಲ್ಲಿ ಶಿಷ್ಟ ಮರಾಠಿ ಇದೆ. ಲಂಡನ್ನಿನ ಬೀದಿ ಮಾತಿಗೂ ವಸತಿ ಶಾಲೆ ಮಾತಿಗೂ ಇದ್ದ ದೂರ ಇಲ್ಲಿ ಬೀದಿಯ ಮರಾಠಿಗೂ ಪ್ರೊಫೆಸರರ ಮನೆಯ ಮರಾಠಿಗೂ ಇರೋ ದೂರ ಆಯ್ತು. ಎಷ್ಟು ಸಲೀಸಾಗಿ ಹೊಂದಿಕೊಂಡಿತು ಅಂದ್ರೆ, ಅದು ಬೇರೆ ದೇಶದ ಕತೆ ಅನ್ನೋದೇ ಜನರಿಗೆ ಮರೆತು ಹೋಯ್ತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಮಗರಪಟ್ಟಾದಿಂದ ಮುಳಾ-ಮುಠಾ ನದಿ ದಾಟಿ ಯೆರವಡಾ ಕಡೆ ಹೋದ್ರೆ ಡೆಕ್ಕನ್ ಕಾಲೇಜು ಸಿಗುತ್ತೆ. ನಮ್ಮಲ್ಲಿ ಎಷ್ಟೋ ಜನ ಏರ್‌ಪೋರ್ಟ್‌ಗೆ ಹೋಗುವಾಗ ಆ ಕಡೆಯಿಂದಲೇ ಹೋಗಿರ್ತೀವಿ, ಒಳಗೆ ಹೋಗಿರಲ್ಲ. 1950ರ ದಶಕದಲ್ಲಿ, ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಲ್ಲಿ, ಇದು ಭಾರತದ ಭಾಷಾವಿಜ್ಞಾನದ ದೊಡ್ಡ ಕೇಂದ್ರ ಆಗಿತ್ತು. ಅಮೆರಿಕದಿಂದ ವಿಲಿಯಂ ಬ್ರೈಟ್ ಅನ್ನೋ ಯುವ ವಿದ್ವಾಂಸ ಬಂದ. ಅವನು ಕನ್ನಡ ಕಲಿತ, ಆದ್ರೆ ಪುಸ್ತಕದ ಕನ್ನಡ ಅಲ್ಲ, ಜನ ಆಡೋ ಕನ್ನಡ. 1958ರಲ್ಲಿ ಅವನ ‘ಆ್ಯನ್ ಔಟ್‌ಲೈನ್ ಆಫ್ ಕಲೋಕ್ವಿಯಲ್ ಕನ್ನಡ’ ಪ್ರಕಟವಾಯ್ತು. ಎಲ್ಲಿಂದ? ಬೆಂಗಳೂರಿಂದ ಅಲ್ಲ, ಧಾರವಾಡದಿಂದ ಅಲ್ಲ, ಪುಣೆಯ ಡೆಕ್ಕನ್ ಕಾಲೇಜಿನಿಂದ.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಎ.ಕೆ. ರಾಮಾನುಜನ್ ಅಲ್ಲಿ ಭಾಷಾವಿಜ್ಞಾನ ಓದ್ತಿದ್ರು. ಮುಂದೆ ಬ್ರೈಟ್ ಮತ್ತು ರಾಮಾನುಜನ್ ಸೇರಿ ಬರೆದ ಒಂದು ಲೇಖನ 1964ರಲ್ಲಿ ಪ್ರಕಟವಾಯ್ತು. ಬ್ರಾಹ್ಮಣರ ಮನೆಮಾತು, ಬೇರೆ ಸಮುದಾಯಗಳ ಮಾತು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ. ಒಂದು ಗುಂಪು ಹೊರಗಿನ ಪದ, ಹೊರಗಿನ ಧ್ವನಿಗಳನ್ನ ಗೊತ್ತಿದ್ದೇ ತಗೊಳ್ತಾ ಬದಲಾಗುತ್ತೆ. ಇನ್ನೊಂದರಲ್ಲಿ ಧ್ವನಿಗಳು ಗೊತ್ತಿಲ್ಲದೆ ಒಳಗಿಂದಲೇ ಬದಲಾಗ್ತವೆ. ಹಾಲು ‘ಆಲು’ ಆಗೋದು ಎರಡನೇ ತರಹದ್ದು. ಅಂದ್ರೆ ಬದಲಾಗದೆ ನಿಂತಿರೋ ‘ಶುದ್ಧ’ ಗುಂಪು ಅಂತ ಯಾವುದೂ ಇಲ್ಲ. ನಮ್ಮ ತುಮಕೂರು, ಮಂಡ್ಯ ಕಡೆ ಹಕಾರ ಬಿಟ್ಟವರನ್ನ ಸ್ಕೂಲಲ್ಲಿ ಆಡಿಕೊಂಡು ನಕ್ಕವರಿಗೆ ಈ ಲೇಖನ ಓದಿಸಬೇಕು.

ಅಲ್ಲೇ ಓದಿ, ಅಲ್ಲೇ ಪಾಠವನ್ನೂ ಮಾಡಿದ ಇನ್ನೊಬ್ಬರು ಡಿ.ಎನ್. ಶಂಕರ ಭಟ್ಟರು. ಕನ್ನಡಿಗರಲ್ಲಿ ಹೆಚ್ಚಿನವರ ಬಾಯಲ್ಲಿ ಮಹಾಪ್ರಾಣವೇ ಇಲ್ಲ, ಬರಹದಲ್ಲಿ ಯಾಕೆ ಅದರ ಹೊರೆ ಅಂತ ಕೇಳಿ ಎಷ್ಟೋ ಜನರ ಸಿಟ್ಟಿಗೆ ಗುರಿಯಾದವರು. ಅವರ ಬರಹ ಸುಧಾರಣೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದ್ರೆ ಕಿವಿಯ ವಿಷಯದಲ್ಲಿ ಅವರು ಹೇಳಿದ್ದು ನಿಜ, ಮತ್ತು ಅದು ಆಕ್ಸೆಂಟ್ ಕ್ಲಾಸ್‌ನಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತೆ. ಇಂಗ್ಲಿಷ್‌ನಲ್ಲಿ ಪದದ ಮೊದಲಲ್ಲಿ ಬರೋ ಪ, ಟ, ಕಗಳ ಜೊತೆ ಸ್ವಲ್ಪ ಉಸಿರು ಹೊರಗೆ ಬರುತ್ತೆ. ನಾವು ಆ ಉಸಿರು ಬಿಡಲ್ಲ. ಅಮೆರಿಕದವನ ಕಿವಿಗೆ ನಮ್ಮ ‘ಪಿನ್’ ಒಂದೊಂದು ಸಲ ‘ಬಿನ್’ ಅಂತ ಕೇಳೋದು ಅದಕ್ಕೇ.

ಪುಣೆಯ ಒಂದು ದಡದಲ್ಲಿ ಹೀಗೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಕನ್ನಡಿಗ ಹೇಗೆ ಮಾತಾಡ್ತಾನೋ ಹಾಗೇ ಬರೆದುಕೊಂಡ್ರು. ಅರ್ಧ ಶತಮಾನ ಕಳೆದ ಮೇಲೆ ಇನ್ನೊಂದು ದಡದಲ್ಲಿ ಅದನ್ನೇ ಅಳಿಸೋ ಕ್ಲಾಸ್‌ಗಳು ಶುರುವಾದವು.

ಹಡಪಸರ ಆಗ ಕಬ್ಬಿನ ಗದ್ದೆ. ಸತೀಶ್ ಮಗರ್ ಮುಂದಾಳತ್ವದಲ್ಲಿ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಹೆಚ್ಚು ಜಮೀನನ್ನ ಬಿಲ್ಡರ್‌ಗೆ ಮಾರದೆ, ಒಟ್ಟಿಗೆ ಸೇರಿಸಿ ತಾವೇ ಕಂಪನಿ ಮಾಡಿಕೊಂಡ್ರು. 2000ದ ಆಸುಪಾಸಿನಲ್ಲಿ ಕಟ್ಟೋಕೆ ಶುರುವಾದದ್ದೇ ಮಗರಪಟ್ಟಾ ಸಿಟಿ, ಅದರೊಳಗೆ ಸೈಬರ್‌ಸಿಟಿ. ದೇಶದಲ್ಲಿ ಆ ಹೊತ್ತಿಗೆ ಇನ್ನೊಂದು ಬೆಳೆ ಬಂದಿತ್ತು. 1997ರಲ್ಲಿ ಜಿಇ ಕ್ಯಾಪಿಟಲ್ ಗುರುಗ್ರಾಮದಲ್ಲಿ ಶುರು ಮಾಡಿದ ಕೆಲಸ (ಮುಂದೆ ಜೆನ್‌ಪ್ಯಾಕ್ಟ್ ಆಯ್ತು) ನೋಡಿ ಎಲ್ಲರೂ ಅದೇ ದಾರಿ ಹಿಡಿದ್ರು. ಸೈಬರ್‌ಸಿಟಿಯ ಗೋಪುರಗಳಲ್ಲಿ ಬಿಪಿಒಗಳು ತುಂಬಿಕೊಂಡವು. ರಾತ್ರಿ ಇಡೀ ಸೋಲಾಪುರ ರಸ್ತೆಯಲ್ಲಿ ಕ್ಯಾಬ್‌ಗಳು.

ಮೊದಲ ವರ್ಷಗಳಲ್ಲಿ ಕಂಪನಿಗಳಿಗೆ ಬೇಕಿದ್ದದ್ದು ಅಪ್ಪಟ ಅಮೆರಿಕನ್. ಹೆಸರು ಬದಲಾಯಿಸಬೇಕು, ‘ಫ್ರೆಂಡ್ಸ್’ ಸೀರಿಯಲ್ ನೋಡಬೇಕು, ನಾಲಿಗೆ ಮಡಚಿ ರಕಾರ ಹೇಳಬೇಕು. ಅದು ಹೆಚ್ಚು ದಿನ ನಡೀಲಿಲ್ಲ. ಅರೆಬೆಂದ ಅಮೆರಿಕನ್ ಕೇಳಿದ ಗ್ರಾಹಕನಿಗೆ ಮೋಸದ ವಾಸನೆ ಬರ್ತಿತ್ತು. ಜೊತೆಗೆ, ಅದೇ ಫ್ಲೋರ್‌ಗೆ ಇವತ್ತು ಅಮೆರಿಕದ ಪ್ರೋಸೆಸ್, ನಾಳೆ ಬ್ರಿಟನ್ನಿಂದು, ನಾಡಿದ್ದು ಆಸ್ಟ್ರೇಲಿಯಾದ್ದು. ಪ್ರತಿ ಸಲ ಹೊಸ ಆಕ್ಸೆಂಟ್ ಕಲಿಸೋಕೆ ಖರ್ಚು. ಹಾಗಾಗಿ ಎಲ್ಲ ಕಡೆ ಓಡೋ ಒಂದು ಸರಕು ಬೇಕಾಯ್ತು. ಅದಕ್ಕೆ ಇಟ್ಟ ಹೆಸರು ‘ನ್ಯೂಟ್ರಲ್ ಆಕ್ಸೆಂಟ್’. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಬಿಲ್ಡ್, ಎಲ್ಲ ಎನ್ವಿರಾನ್‌ಮೆಂಟ್‌ಗೂ ಡಿಪ್ಲಾಯ್.

ಆದ್ರೆ ನ್ಯೂಟ್ರಲ್ ಅಂದ್ರೆ ಏನು? ಕ್ಲೇರ್ ಕೌವಿ ಅನ್ನೋ ಭಾಷಾವಿಜ್ಞಾನಿ ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ಕೂತು ಇದನ್ನೇ ವಿಚಾರಿಸಿ 2007ರಲ್ಲಿ ಬರೆದ್ರು. ಟ್ರೇನರ್‌ಗಳಲ್ಲೇ ಒಮ್ಮತ ಇರಲಿಲ್ಲ. ಹಿರಿಯರಿಗೆ ನ್ಯೂಟ್ರಲ್ ಅಂದ್ರೆ ಬ್ರಿಟಿಷ್ ಕಡೆ ವಾಲಿದ, ಒಳ್ಳೆ ಕಾನ್ವೆಂಟಿನ ಭಾರತೀಯ ಇಂಗ್ಲಿಷ್. ಕಿರಿಯರಿಗೆ ಅಮೆರಿಕದ ಕಡೆ ವಾಲಿದ್ದು. ಅಕ್ಕನ ಅನುಭವವೂ ಅದೇ. ಅವರು ಹೇಳ್ತಾರೆ: “ನ್ಯೂಟ್ರಲ್ ಅಂತ ಒಂದು ಊರ ಇಲ್ರೀ. ಅಲ್ಲಿಂದ ಬಂದಂವನ್ನ ಯಾರರೆ ನೋಡೀರೇನು? ಇಲ್ಲದ ಊರಿನ ಮಾತ ಕಲಿಸಿ ನಾ ಹತ್ತ ವರ್ಷ ಪಗಾರ ತಗೊಂಡೆ.”

ಇನ್ನೊಂದು ಕಡೆ ಸಂಶೋಧಕರು ಬೇರೆಯೇ ಮಾತು ಹೇಳ್ತಿದ್ರು. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ಅರ್ಥವಾಗುತ್ತೆ ಅಂತ ಹೈದರಾಬಾದಿನ ಆರ್.ಕೆ. ಬನ್ಸಲ್ 1969ರಲ್ಲೇ ಪುಸ್ತಕ ಬರೆದಿದ್ರು. 1995ರಲ್ಲಿ ಕೆನಡಾದ ಮನ್ರೊ ಮತ್ತು ಡರ್ವಿಂಗ್, ಆಕ್ಸೆಂಟ್ ದಪ್ಪಗಿರೋದು ಬೇರೆ, ಮಾತು ಅರ್ಥವಾಗದೆ ಇರೋದು ಬೇರೆ ಅಂತ ತೋರಿಸಿದ್ರು. ದಟ್ಟ ಆಕ್ಸೆಂಟ್ ಇದ್ದೂ ಪ್ರತಿ ಪದ ಅರ್ಥ ಆಗಬಹುದು. ಜೆನಿಫರ್ ಜೆಂಕಿನ್ಸ್ 2000ದಲ್ಲಿ ಇನ್ನೂ ಮುಂದೆ ಹೋಗಿ, ಬೇರೆಬೇರೆ ದೇಶದವರು ಇಂಗ್ಲಿಷ್‌ನಲ್ಲಿ ಮಾತಾಡುವಾಗ ಯಾವುದು ತಪ್ಪಿದರೆ ಸಂವಹನ ಕೆಡುತ್ತೆ, ಯಾವುದು ತಪ್ಪಿದರೂ ಪರವಾಗಿಲ್ಲ ಅಂತ ವಿಂಗಡಿಸಿದ್ರು. ‘ಥಿಂಕ್’ ಅನ್ನೋದು ‘ತಿಂಕ್’ ಆದ್ರೆ ಏನೂ ಆಗಲ್ಲ. ಸ್ವರದ ದೀರ್ಘ ತಪ್ಪಿದರೆ, ವಾಕ್ಯದಲ್ಲಿ ಒತ್ತು ತಪ್ಪು ಪದದ ಮೇಲೆ ಬಿದ್ರೆ ಆಗುತ್ತೆ. ದೀರ್ಘದ ವಿಷಯದಲ್ಲಿ ಕನ್ನಡಿಗರು ಪುಣ್ಯವಂತರು. ನಮ್ಮಲ್ಲಿ ಎ-ಏ, ಒ-ಓ ಎರಡೂ ಇವೆ, ‘ಗೆಟ್’ ಮತ್ತು ‘ಗೇಟ್’ ನಮಗೆ ಯಾವತ್ತೂ ಬೆರೆಯಲ್ಲ. ಹಿಂದಿ, ಮರಾಠಿಯಲ್ಲಿ ಈ ಹ್ರಸ್ವ-ದೀರ್ಘ ಜೋಡಿ ಇಲ್ಲ. ಆದ್ರೆ ನಮ್ಮ ಸ್ಕೋರ್‌ಶೀಟ್‌ನಲ್ಲಿ ತಾಯ್ನುಡಿಯಿಂದ ಬಂದ ಲಾಭಕ್ಕೆ ಕಾಲಂ ಇಲ್ಲ.

ನಾವು ಎಡವೋದು ಒತ್ತಿನಲ್ಲಿ. ಕನ್ನಡದಲ್ಲಿ ಪದದೊಳಗೆ ಇಂಗ್ಲಿಷಿನ ಹಾಗೆ ಒಂದು ಅಕ್ಷರವನ್ನ ಎತ್ತಿ ಹೇಳೋ ರೂಢಿ ಇಲ್ಲ. ‘ಪ್ಯಾರಾಮೀಟರ್’ ಅಂತ ನಾವು ಎಲ್ಲ ಅಕ್ಷರಕ್ಕೂ ಸಮಪಾಲು ಹಂಚ್ತೀವಿ. ಅವರು ಕೇಳೋಕೆ ಕಾಯ್ತಿರೋದು ಎರಡನೇ ಅಕ್ಷರ ಎದ್ದು ನಿಂತ ಪದ. ‘ಡೆವಲಪ್’ ಕೂಡ ಹಾಗೇ, ಒತ್ತು ‘ವೆ’ ಮೇಲೆ. ಅಕ್ಕ ಈಗ ಮೊದಲ ನಾಲ್ಕು ಕ್ಲಾಸು ಬರೀ ಒತ್ತು ಮತ್ತು ಆ ಉಸಿರಿನ ಪ-ಟ-ಕ ಮಾಡಿಸ್ತಾರೆ. ‘ವೋನ್ಲಿ’ಗೆ ಕೈ ಹಾಕೋದಿಲ್ಲ. ಅರ್ಥಕ್ಕೆ ಅಡ್ಡ ಬರಲ್ಲ, ಇರ್ಲಿ ಅಂತಾರೆ.

ಆದ್ರೆ ಕೋಚ್ ಎಷ್ಟೇ ತಿದ್ದಿದರೂ ಕೈಗೆ ಸಿಗದ ಭಾಗ ಒಂದಿದೆ. 1992ರಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ರೂಬಿನ್ ಮಾಡಿದ ಪ್ರಯೋಗ: ಅಮೆರಿಕನ್ ಹೆಂಗಸೊಬ್ಬಳ ಒಂದೇ ರೆಕಾರ್ಡಿಂಗ್. ಕೆಲವು ವಿದ್ಯಾರ್ಥಿಗಳಿಗೆ ಬಿಳಿಯ ಹೆಂಗಸಿನ ಫೋಟೊ, ಕೆಲವರಿಗೆ ಏಷ್ಯಾದ ಹೆಂಗಸಿನ ಫೋಟೊ ತೋರಿಸಿದ್ರು. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ಆಕ್ಸೆಂಟ್ ಕೇಳಿಸ್ತು, ಪಾಠವೂ ಕಡಿಮೆ ಅರ್ಥವಾಯ್ತು. 2010ರಲ್ಲಿ ಶಿಕಾಗೊದಲ್ಲಿ ಲೆವ್-ಆರಿ ಮತ್ತು ಕೀಸಾರ್ ಮಾಡಿದ ಇನ್ನೊಂದು: ಅದೇ ವಾಕ್ಯವನ್ನ ಆಕ್ಸೆಂಟ್ ಇರೋರು ಓದಿದ್ರೆ ಕೇಳುಗರಿಗೆ ಅದು ಸ್ವಲ್ಪ ಕಡಿಮೆ ನಿಜ ಅನ್ನಿಸ್ತು. ಇದನ್ನ ಓದಿದ ಮೇಲೆ ‘ಕಮ್ಯುನಿಕೇಶನ್ ಇಂಪ್ರೂವ್ ಮಾಡ್ಕೊಳ್ಳಿ’ ಅನ್ನೋ ಫೀಡ್‌ಬ್ಯಾಕ್ ನನಗೆ ಮೊದಲಿನ ಹಾಗೆ ಕೇಳಿಸ್ತಿಲ್ಲ. ಅದರಲ್ಲಿ ಒಂದು ಪಾಲು ನಮ್ಮ ನಾಲಿಗೆಯದು. ಇನ್ನೊಂದು ಪಾಲು ಅವರ ಕಿವಿಯದು, ಅದಕ್ಕೆ ಯಾರೂ ಟ್ರೇನಿಂಗ್ ಇಟ್ಟಿಲ್ಲ.

ಹೋಲಿಕೆಗೆ ಹಡಪಸರದ ಭಾಜಿ ಮಾರ್ಕೆಟ್ ನೋಡಿ. ಮರಾಠಿಯಲ್ಲಿ ಐದಕ್ಕೆ ಹೇಳೋ ‘ಪಾಚ್’ನ ಚಕಾರ ನಮ್ಮ ಚಕಾರ ಅಲ್ಲ, ‘ತ್ಸ’ ಹತ್ತಿರದ್ದು. ನಾನು ಹನ್ನೊಂದು ವರ್ಷದಿಂದ ತಪ್ಪಾಗೇ ಹೇಳ್ತಿದ್ದೀನಿ. ಮಾವಶಿ ಒಂದು ಸಲವೂ ‘ಕಮ್ ಅಗೇನ್’ ಅಂದಿಲ್ಲ. ಐದು ಜುಡಿ ಮೆಂತ್ಯ ಕೇಳಿದ್ರೆ ಐದೇ ಜುಡಿ ಕೊಡ್ತಾರೆ. ಮಾರೋರಿಗೆ ಕೇಳಿಸಿಕೊಳ್ಳೋ ಗರಜು ಇರುತ್ತೆ.

ಈಗ ಕೊನೆಯ ಅಧ್ಯಾಯಕ್ಕೆ. 2020ರಲ್ಲಿ ಅಮೆರಿಕದಲ್ಲಿ ಸಾನಾಸ್ ಅನ್ನೋ ಕಂಪನಿ ಹುಟ್ಟಿತು. ನಾವು ನಮ್ಮ ಆಕ್ಸೆಂಟ್‌ನಲ್ಲೇ ಮಾತಾಡ್ತೀವಿ, ಮಧ್ಯದಲ್ಲಿ ಸಾಫ್ಟ್‌ವೇರ್ ಧ್ವನಿಗಳನ್ನ ಬದಲಿಸಿ ಆ ಕಡೆ ಅಮೆರಿಕನ್ ಆಗಿ ಕಳಿಸುತ್ತೆ, ಹೆಚ್ಚುಕಮ್ಮಿ ತಕ್ಷಣ. ಅದರ ಸ್ಥಾಪಕರಲ್ಲಿ ಒಬ್ಬರು ಶರತ್ ಕೇಶವ ನಾರಾಯಣ, ಹಿಂದೆ ಬೆಂಗಳೂರಿನ ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿ ಆಕ್ಸೆಂಟ್‌ನ ಕಷ್ಟ ಅನುಭವಿಸಿದವರು. ಜಗತ್ತಿನ ಅತಿ ದೊಡ್ಡ ಕಾಲ್ ಸೆಂಟರ್ ಕಂಪನಿಗಳಲ್ಲಿ ಒಂದಾದ ಫ್ರಾನ್ಸಿನ ಟೆಲಿಪರ್ಫಾರ್ಮೆನ್ಸ್ ತನ್ನ ಭಾರತದ ಸಿಬ್ಬಂದಿಗೆ ಇದನ್ನ ಬಳಸ್ತಿದೆ ಅನ್ನೋ ಸುದ್ದಿ 2025ರಲ್ಲಿ ಬಂತು.

ನಾನು ಎಂಟೆಕ್‌ನಲ್ಲಿ ಸ್ಪೀಚ್ ಪ್ರೋಸೆಸಿಂಗ್ ಓದಿದವನು, ಎಂಜಿನಿಯರಿಂಗ್ ದೃಷ್ಟಿಯಿಂದ ಇದು ನಿಜಕ್ಕೂ ಕಷ್ಟದ ಕೆಲಸ. ಮಾತಾಡುವವನ ದನಿ ಅವನದ್ದೇ ಅನ್ನಿಸಬೇಕು, ಭಾವ ಉಳೀಬೇಕು, ಸ್ವರ-ವ್ಯಂಜನ ಮಾತ್ರ ಬದಲಾಗಬೇಕು, ಅದೂ ಮುಂದಿನ ಪದ ಬರೋ ಮೊದಲು. ಟೋಪಿ ತೆಗೀತೀನಿ. ಹುಡುಗರಿಗೆ ರಾತ್ರಿಯೆಲ್ಲ ನಾಲಿಗೆ ಮಡಚೋದು ತಪ್ಪಿದರೆ ಒಳ್ಳೇದೇ. ಆದ್ರೆ ಆ ಸಾಫ್ಟ್‌ವೇರ್ ಒಂದೇ ದಿಕ್ಕಿಗೆ ಮಾರಾಟ ಆಗ್ತಿದೆ ಅನ್ನೋದನ್ನ ಗಮನಿಸಿ. ಟೆಕ್ಸಸ್‌ನ ಗ್ರಾಹಕನ ಮಾತನ್ನ ಸೈಬರ್‌ಸಿಟಿಯ ಹುಡುಗಿಗೆ ಸುಲಭವಾಗೋ ಹಾಗೆ ತಿರುಗಿಸೋದು ತಾಂತ್ರಿಕವಾಗಿ ಅದೇ ಸಮಸ್ಯೆ, ಅದಕ್ಕೆ ದುಡ್ಡು ಕೊಡೋರು ಇಲ್ಲ.

ಅಕ್ಕನಿಗೆ ಬಿಪಿಒ ಕಡೆಯ ವಿದ್ಯಾರ್ಥಿಗಳು ಕಡಿಮೆ ಆಗಿದ್ದಾರೆ. ಉಳಿದವರು ನಮ್ಮಂಥವರು, ಮತ್ತೆ ಕಲಬುರಗಿ, ವಿಜಯಪುರದಿಂದ ಸೋಲಾಪುರ ರಸ್ತೆಯ ಬಸ್ ಹಿಡಿದು ಬಂದ ಫ್ರೆಶರ್‌ಗಳು. ಅವರಲ್ಲಿ ಹೆಚ್ಚಿನವರು ಹಿಂದುಳಿದ ತಾಲೂಕಿನ ಕನ್ನಡ ಮೀಡಿಯಂನವರು, ಕಾನ್ವೆಂಟಿನವರು ಬಾಯಿ ಬಿಟ್ಟ ತಕ್ಷಣ ಸುಮ್ಮನಾಗೋ ಮಕ್ಕಳು. ಅವರಿಂದ ಅಕ್ಕ ಅರ್ಧ ಫೀಸ್ ತಗೋತಾರೆ, ಭಾನುವಾರ ಬೆಳಗ್ಗೆ ಗುಂಪಿನಲ್ಲಿ ಪಾಠ. ಮೊದಲ ದಿನ ಇಂಗ್ಲಿಷ್ ಇಲ್ಲ. ಒಬ್ಬೊಬ್ಬರೂ ತಮ್ಮ ಊರಿನ ಕನ್ನಡದಲ್ಲಿ ಎರಡು ನಿಮಿಷ ಮಾತಾಡಬೇಕು, ಅದನ್ನ ಅಕ್ಕ ರೆಕಾರ್ಡ್ ಮಾಡಿ ಎಲ್ಲರಿಗೂ ಕೇಳಿಸ್ತಾರೆ: ನೋಡು, ಇಲ್ಲಿ ನೀ ‘ಯೆ’ ಸೇರಿಸಿದಿ, ಇಲ್ಲಿ ಉಸಿರು ಬಿಡಲಿಲ್ಲ, ಇಲ್ಲಿ ಕೊನಿಗೆ ‘ಉ’ ಬಂತು. ಇಂಗ್ಲಿಷ್ ಎರಡನೇ ವಾರದಿಂದ.

ಮುಂದಿನ ವಿಡಿಯೊ ಪುಣೆಯ ಕನ್ನಡ ಶಾಲೆಗಳ ಬಗ್ಗೆ. ಶನಿವಾರ ರಾತ್ರಿ ಒಂಬತ್ತಕ್ಕೆ ಹಾಕ್ತೀನಿ.